ಪದಚರ್ಚೆ: ‘ವಾಶ್’ ಅಂದರೆ ಸಾರಿಸೋದಾ, ತೊಳೆಯೋದಾ? ಜೊತೆಗೆ ‘ಅಚ್ಚು’ ಬಗ್ಗೆ ಒಂದು ಗೋಳು

ಎಲ್ಲರಿಗೂ ನಮಸ್ಕಾರ.

ನಾನು ದೃಶ್ಯಕಲೆ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಊರು ಸಾಗರದ ಹತ್ತಿರ. ಮುಂದಿನ ತಿಂಗಳು ನಮ್ಮ ತರಗತಿಯ ಪ್ರದರ್ಶನ ಇದೆ. ಪ್ರತಿ ಕೆಲಸದ ಕೆಳಗೂ ಒಂದು ಪುಟ್ಟ ಚೀಟಿ ಅಂಟಿಸಬೇಕು: ಹೆಸರು, ಅಳತೆ, ವರ್ಷ, ಮಾಧ್ಯಮ. ನಮ್ಮಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಬರೆದು ಮುಗಿಸುತ್ತಾರೆ. ಊರಿಂದ ಅಪ್ಪ, ಅಮ್ಮ, ಅಜ್ಜಿ ಬರುತ್ತಾರೆ ಅಂತ ನಾನು ಕನ್ನಡದಲ್ಲಿ ಬರೆಯಲು ಕೂತೆ. ಮೂರು ದಿನದಿಂದ ಕೂತೇ ಇದ್ದೇನೆ.

ಮೊದಲು ಎಡವಿದ್ದು ‘ಮಾಧ್ಯಮ’ದಲ್ಲೇ. ಒಂದು ಚೀಟಿಯನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. “ಮಾಧ್ಯಮದವರೂ ಬರ್ತಾರೇನೇ?” ಅಂತ ಖುಷಿಯಿಂದ ಕೇಳಿದರು. ಟಿವಿಯವರು ಅಂದುಕೊಂಡಿದ್ದರು. ಅವರ ತಪ್ಪಲ್ಲ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಅಲ್ಲಿ ಆ ಪದಕ್ಕೆ ಬೇರೆ ಅರ್ಥ. ಇಲ್ಲಿ ತರಗತಿಯಲ್ಲಿ ಯಾರಾದರೂ ‘ಆ ಮೀಡಿಯಂ ಕೊಡೇ’ ಅಂದರೆ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿಟ್ಟ ಬಾಟಲಿ ಕೊಡಬೇಕು. ಹಾಗಾಗಿ ಚೀಟಿಯಲ್ಲಿ ಆ ಪದವನ್ನೇ ಕೈಬಿಟ್ಟೆ. ‘ಯಾವುದರಲ್ಲಿ ಮಾಡಿದ್ದು’ ಅಂತ ಬರೆದೆ. ಇದಕ್ಕೆ ನಿಮ್ಮ ಸಹಾಯ ಬೇಡ, ಇದು ನನಗೆ ಒಪ್ಪಿಗೆಯಾಗಿದೆ.

ನಿಜವಾದ ತೊಂದರೆ ‘ವಾಶ್’. ನೀರುಬಣ್ಣದ ತರಗತಿಯಲ್ಲಿ ದಿನವಿಡೀ ಕೇಳುವ ಮಾತು ಇದು. ‘ಒಂದು ವಾಶ್ ಕೊಡು’, ‘ವಾಶ್ ಆರಲಿ ಬಿಡು’. ಬಣ್ಣಕ್ಕೆ ನೀರು ಜಾಸ್ತಿ ಹಾಕಿ, ದೊಡ್ಡ ಕುಂಚದಲ್ಲಿ ಕಾಗದದ ಮೇಲೆ ತೆಳ್ಳಗೆ, ಒಂದೇ ಸಮ ಎಳೆದುಕೊಂಡು ಬರಬೇಕು. ಬೋರ್ಡನ್ನು ಸ್ವಲ್ಪ ಓರೆ ಇಟ್ಟರೆ ಎಳೆದ ಬಣ್ಣದ ಕೆಳಗಂಚಿನಲ್ಲಿ ನೀರು ನಿಲ್ಲುತ್ತದೆ. ಆ ಅಂಚು ಆರುವ ಮುಂಚೆ ಮುಂದಿನ ಎಳೆತ ಅದನ್ನು ಹಿಡಿದುಕೊಳ್ಳಬೇಕು. ನಡುವೆ ಒಮ್ಮೆ ಫೋನ್ ನೋಡಿದರೆ ಮುಗೀತು, ಗೆರೆ ಬೀಳುತ್ತದೆ. ಮೊದಲ ವರ್ಷ ನಾನು ಬರೆದ ಆಕಾಶಗಳೆಲ್ಲ ಪಟ್ಟೆಪಟ್ಟೆ.

ಅಂಥ ಒಂದು ಪಟ್ಟೆ ಆಕಾಶವನ್ನು ರಜೆಯಲ್ಲಿ ಮನೆಗೆ ಒಯ್ದಿದ್ದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ನಿಂಗೆ ಸಾರ್ಸಕ್ಕೇ ಬರಲ್ಲ ಮಗಾ” ಅಂದರು. ನನಗೆ ನಗು ಬಂತು. ಆಮೇಲೆ ಹೌದಲ್ಲ ಅನ್ನಿಸಿತು. ಅಜ್ಜಿ ಜೀವಮಾನವಿಡೀ ಸಗಣಿ ಕದಡಿ ನೆಲ ಸಾರಿಸಿದವರು. ಅಡಿಕೆ ಹಾಳೆಯ ತುಂಡು ಹಿಡಿದು ಒಳಗಿನ ಗೋಡೆಯಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತಾ ಬಾಗಿಲಿಗೆ ಬರುತ್ತಿದ್ದರು. ಅಂಚು ಒಣಗಲು ಬಿಡುತ್ತಿರಲಿಲ್ಲ. ಬಿಟ್ಟರೆ ಅಲ್ಲೂ ಗೆರೆ ಬೀಳುತ್ತದೆ. ಕಾಲೇಜಿನಲ್ಲಿ ನಾನು ಆರು ತಿಂಗಳು ಕಲಿತದ್ದು ಅಜ್ಜಿಯ ಜಗುಲಿಯಲ್ಲಿ ದಿನಾ ನಡೆಯುತ್ತಿತ್ತು. ಅಜ್ಜಿ ಹಾಳೆಯಿಂದ ಸಾರಿಸಿದರು, ನಾನು ಹಾಳೆಯನ್ನೇ ಸಾರಿಸಿದೆ, ಅಷ್ಟೇ ವ್ಯತ್ಯಾಸ.

‘ಸಾರಿಸು’ ಎಷ್ಟು ಚಂದ ಕೂರುತ್ತದೆ ನೋಡಿ. ಬಣ್ಣದ ಕೆಲಸಕ್ಕೆ ನಮ್ಮಲ್ಲಿ ಕ್ರಿಯಾಪದಗಳಿಗೆ ಬರ ಇಲ್ಲ. ಸುಣ್ಣ ಬಳಿಯುತ್ತೇವೆ. ಅರಿಶಿನ ಹಚ್ಚುತ್ತೇವೆ. ಎಣ್ಣೆ ಸವರುತ್ತೇವೆ. ಕಾಡಿಗೆ ತೀಡುತ್ತೇವೆ. ಪ್ರತಿಯೊಂದರಲ್ಲೂ ಕೈ ಬೇರೆ ಥರ ಓಡುತ್ತದೆ. ತೆಳ್ಳಗೆ, ನೀರಾಗಿ, ಇಡೀ ಜಾಗ ತುಂಬುವಂತೆ ಹರಡುವುದಕ್ಕೆ ಮಾತ್ರ ಸಾರಿಸುವುದು ಅನ್ನುತ್ತೇವೆ. ಹಬ್ಬ ಬಂದರೆ ‘ಸಾರಣೆ ಕಾರಣೆ ಆಯ್ತಾ’ ಅಂತ ಕೇಳುವುದೂ ಇದೆ. ಸಾರಣೆ ಎಂದರೆ ನೆಲ, ಗೋಡೆ ಸಾರಿಸುವುದು. ಕಾರಣೆ ಎಂದರೆ ಗೋಡೆಗೆ ಕೆಮ್ಮಣ್ಣು, ಸುಣ್ಣದ ಪಟ್ಟೆ ಎಳೆಯುವುದು. ನಮ್ಮ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅದು ಆರಿದ ಮೇಲೆ ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಪುಂಡಿ ಗಿಡದ ನಾರೇ ಕುಂಚ. ಅಲ್ಲಿಯ ಚಿತ್ತಾರಗಿತ್ತಿಯರನ್ನು ‘ಮೀಡಿಯಂ ಏನು’ ಅಂತ ಯಾರೂ ಕೇಳಿರಲಾರರು.

ಸರಿ, ವಾಶ್‌ಗೆ ‘ಸಾರಣೆ’ ಅಂತ ಬರೆದುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಮೂರನೇ ವರ್ಷ ಇನ್ನೊಂದು ವಾಶ್ ಗಂಟುಬಿತ್ತು.

ಬಂಗಾಳದ ಕಲಾವಿದರು ಮಾಡುತ್ತಿದ್ದ ವಾಶ್ ಅದು. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಕೋಲ್ಕತ್ತಕ್ಕೆ ಬಂದಿದ್ದರು. ತೈಕಾನ್ ನೀರಿನ ಕುಂಚದಿಂದ ಚಿತ್ರವನ್ನು ಒದ್ದೆ ಮಾಡುವುದನ್ನು ಅಬನೀಂದ್ರನಾಥ ಟಾಗೋರರು ನೋಡಿದರು. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಕಾಗದವನ್ನೇ ನೀರಿನಲ್ಲಿ ಅದ್ದಿದರು. ಬಣ್ಣ ಹಾಕುವುದು, ಒಣಗಿಸುವುದು, ನೀರಿಗೆ ಅದ್ದಿ ಸಡಿಲ ಬಣ್ಣವನ್ನು ಹೋಗಲು ಬಿಡುವುದು, ಮತ್ತೆ ಬಣ್ಣ. ಹೀಗೆ ಎಷ್ಟೋ ಸಲ ಆದ ಮೇಲೆ ಮಂಜು ಮುಸುಕಿದಂಥ ಒಂದು ಮೆದು ಬರುತ್ತದೆ. ನಮ್ಮ ಕೆ. ವೆಂಕಟಪ್ಪನವರು (1886–1965) ಕೋಲ್ಕತ್ತದಲ್ಲಿ ಅಬನೀಂದ್ರನಾಥರ ಬಳಿಯೇ ಕಲಿತವರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿ ಅವರ ಹೆಸರಿನದೇ. ಅವರು ಬರೆದ ಊಟಿ, ಕೊಡೈಕೆನಾಲ್ ಬೆಟ್ಟಗಳ ನೀರುಬಣ್ಣದ ಚಿತ್ರಗಳನ್ನು ನೋಡದವರು ಒಮ್ಮೆ ನೋಡಿ.

ಈ ವಾಶ್ ಸಾರಿಸುವುದಲ್ಲ. ಇದು ತೊಳೆಯುವುದೇ. ಮೊದಲನೆಯದರಲ್ಲಿ ಬಣ್ಣ ಕಾಗದಕ್ಕೆ ಬರುತ್ತದೆ, ಎರಡನೆಯದರಲ್ಲಿ ಬಣ್ಣ ಕಾಗದದಿಂದ ಹೋಗುತ್ತದೆ. ಇಂಗ್ಲಿಷ್ ಪದ ಒಂದೇ ಆದ್ದರಿಂದ ನಾನು ಎರಡನ್ನೂ ಒಂದೇ ಅಂದುಕೊಂಡು ಒಂದು ಒಳ್ಳೆಯ ಕಾಗದ ಹಾಳು ಮಾಡಿದೆ. ಬಣ್ಣ ಇನ್ನೂ ಹಸಿ ಇರುವಾಗಲೇ ಟ್ರೇಗೆ ಅದ್ದಿದೆ. ಚಿತ್ರ ಟ್ರೇಯಲ್ಲಿ ಉಳಿಯಿತು, ಕಾಗದ ಬೆಳ್ಳಗೆ ಮೇಲೆ ಬಂತು. ಮೊದಲೇ ‘ತೊಳಿ’ ಅಂದಿದ್ದರೆ, ಬಣ್ಣ ಒಣಗಿ ಹಿಡಿದುಕೊಂಡಿದೆಯಾ ಅಂತ ನೋಡುತ್ತಿದ್ದೆ.

ಹಾಗಾಗಿ ಮೊದಲ ಪ್ರಶ್ನೆ. ಮೊದಲನೆಯದಕ್ಕೆ ‘ಸಾರಣೆ’, ಎರಡನೆಯದಕ್ಕೆ ‘ತೊಳೆತ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಿಮ್ಮ ಊರಿನಲ್ಲಿ ಸಾರಿಸು ಎನ್ನುವುದಕ್ಕೆ ಬೇರೆ ಪದ ಇದೆಯಾ?

ಇದ್ದಿಲಿನ ಚಿತ್ರಗಳದ್ದು ಸಣ್ಣ ತಕರಾರು. ನಾನು ‘ಇದ್ದಿಲು’ ಅಂತ ಬರೆದೆ. ಕುಂದಾಪುರದ ಗೆಳತಿ ‘ಮಸಿ’ ಅಂತ ಬರಿ ಅಂದಳು. ಅವರ ಮನೆಯಲ್ಲಿ ಗೆರಟೆ ಸುಟ್ಟು ಉಳಿದದ್ದು ಮಸಿ. ನನಗೆ ಮಸಿ ಎಂದರೆ ಶಾಯಿ, ಇಲ್ಲವೇ ಪಾತ್ರೆಯ ತಳದ ಕಪ್ಪು. ‘ಗೆಳತಿಯ ಮುಖ, ಮಸಿ’ ಅಂತ ಚೀಟಿ ಅಂಟಿಸಿದರೆ ಅವಳ ಮುಖಕ್ಕೆ ಮಸಿ ಬಳಿದ ಹಾಗಲ್ವಾ? ಇದ್ದಿಲೇ ಇರಲಿ. ಮೈಸೂರಿನ ಹಳೆಯ ಚಿತ್ರಕಾರರು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿ ಹಾಕಿ ಸುಟ್ಟು ತಮ್ಮ ಇದ್ದಿಲ ಕಡ್ಡಿ ತಾವೇ ಮಾಡಿಕೊಳ್ಳುತ್ತಿದ್ದರು. ನಾವೂ ಒಮ್ಮೆ ಮಾಡಿ ನೋಡಿದೆವು. ಗಾಳಿ ಹೋಗದಂತೆ ಮುಚ್ಚಲು ಬರಲಿಲ್ಲ, ಸಿಕ್ಕಿದ್ದು ಬೂದಿ. ಇದ್ದಿಲ ಗೆರೆಯನ್ನು ಬೆರಳಿಂದ ಮೆಲ್ಲಗೆ ಹರಡುವುದಕ್ಕೆ ನಾನು ‘ತೀಡು’ ಅನ್ನುತ್ತೇನೆ. ಅದೇ ಕೆಲಸ ಗೊತ್ತಿಲ್ಲದೆ ಆದರೆ? ಇದ್ದಿಲು ಅಳಿಸದಂತೆ ಹಿಡಿದಿಡುವ ಫಿಕ್ಸೆಟಿವ್ ಹೊಡೆಯದೆ ಬಸ್ಸಿನಲ್ಲಿ ಒಯ್ದ ನನ್ನ ಮೂರು ಚಿತ್ರಗಳಿಗೆ ಆದದ್ದು ಅದು. ಅದಕ್ಕೆ ಅಮ್ಮ ‘ಗಲೀಜು’ ಅನ್ನುವ ಪದ ಕೊಟ್ಟಿದ್ದಾರೆ.

ಅಂದ ಹಾಗೆ, ಚಿತ್ರ ‘ಬರೆ’ಯುವುದೋ, ‘ಬಿಡಿಸು’ವುದೋ? ಗದಗದ ಕಡೆಯ ರೂಮ್‌ಮೇಟ್ ‘ಚಿತ್ರ ತಗೀತೀನಿ’ ಅನ್ನುತ್ತಾಳೆ. ಮೊದಮೊದಲು ಗೋಡೆಯಿಂದ ತೆಗೆಯುತ್ತಾಳೆ ಅಂದುಕೊಂಡಿದ್ದೆ. ನಾನು ‘ಬಿಡಿಸ್ತೀನಿ’ ಅಂದರೆ ಅವಳಿಗೆ ಅವರೆಕಾಯಿ ನೆನಪಾಗುತ್ತಂತೆ.

ಈಗ ದೊಡ್ಡ ಗೋಳು: ‘ಅಚ್ಚು’.

ಮೇಲಿನದರಲ್ಲಿ ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಎರಡು ಸಿಕ್ಕವು. ಇಲ್ಲಿ ತಿರುವುಮುರುವು. ಎರಡನೇ ವರ್ಷ ಬೆಳಿಗ್ಗೆ ಮುದ್ರಣಕಲೆ, ಮಧ್ಯಾಹ್ನ ಶಿಲ್ಪ. ಬೆಳಿಗ್ಗೆ ಲಿನೋ ಅನ್ನುವ ಮೆತ್ತನೆಯ, ರಬ್ಬರಿನಂಥ ಹಾಳೆಯನ್ನು ಕೊರೆದು, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುತ್ತಿದ್ದೆವು. ಕೊರೆದದ್ದೂ ಅಚ್ಚು, ಕಾಗದದ ಮೇಲೆ ಬಿದ್ದದ್ದೂ ಅಚ್ಚು. ಮಧ್ಯಾಹ್ನ ಜೇಡಿಮಣ್ಣಿನ ತಲೆಗೆ ಪ್ಲಾಸ್ಟರ್ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಾಕಿ ತೆಗೆದ ಚಿಪ್ಪೂ ಅಚ್ಚು. ಮಂಡ್ಯದ ಗೆಳತಿಗೆ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. ಸಂಕ್ರಾಂತಿಗೆ ಅವರ ಮನೆಯಲ್ಲಿ ಪಾಕ ಹೊಯ್ಯುವ ಮರದ ತುಂಡುಗಳೂ ಸಕ್ಕರೆ ಅಚ್ಚೇ, ಅದರಿಂದ ಬಿಡಿಸಿ ತಟ್ಟೆಗೆ ಹಾಕುವುದೂ ಸಕ್ಕರೆ ಅಚ್ಚೇ. ‘ಯಾವುದು ತಿನ್ನೋದು ಅಂತ ನೋಡಿದ್ರೇ ಗೊತ್ತಾಗಲ್ವಾ?’ ಅಂದಳು. ಸರಿಯೇ. ಆದರೆ ಚೀಟಿ ಓದುವವರ ಎದುರಿಗೆ ಇರುವುದು ಒಂದು ಮಾತ್ರ.

ಪ್ಲಾಸ್ಟರಿನ ಕೆಲಸ ಸ್ವಲ್ಪ ಹೇಳುತ್ತೇನೆ, ಆಗ ಪ್ರಶ್ನೆ ತಿಳಿಯಾಗುತ್ತದೆ. ಪುಡಿಯನ್ನು ನೀರಿಗೆ ಉದುರಿಸಬೇಕು, ನೀರನ್ನು ಪುಡಿಗೆ ಸುರಿಯಬಾರದು. ಮಜ್ಜಿಗೆಯ ಹದ ದಾಟಿ ದೋಸೆ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಕೈ ಓಡಬೇಕು. ಗಟ್ಟಿಯಾಗುವಾಗ ಅದು ಬೆಚ್ಚಗಾಗುತ್ತದೆ. ಮೊದಲ ಪದರಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತೇವೆ. ಅದರ ಮೇಲೆ ಬಿಳಿ ಪದರ ದಪ್ಪಗೆ. ಒಳಗಿನ ಮಣ್ಣು ತೆಗೆದು, ಚಿಪ್ಪಿನ ಒಳಮೈಗೆ ಸೋಪು ಸವರಿ, ಮತ್ತೆ ಪ್ಲಾಸ್ಟರ್ ಹೊಯ್ಯುವುದು. ಆಮೇಲೆ ಉಳಿ ಹಿಡಿದು ಹೊರಚಿಪ್ಪು ಒಡೆಯಬೇಕು. ನೀಲಿ ಕಂಡರೆ ಹುಷಾರು, ಮುಖ ಹತ್ತಿರ ಬಂತು ಅಂತ ಅರ್ಥ. ನನಗೆ ನೀಲಿಯೂ ಕಂಡಿತು, ಆದರೂ ಮೂಗು ಹೋಯಿತು. ಅಂಟಿಸಿದ್ದೇನೆ. ದೂರದಿಂದ ನೋಡಿದರೆ ಗೊತ್ತಾಗಲ್ಲ.

ಒಡೆದುಹೋದ ಹೊರಚಿಪ್ಪಿಗೆ ‘ಅಚ್ಚು’ ಇರಲಿ. ಒಳಗಿಂದ ಬಂದ ತಲೆಗೆ ಏನನ್ನಲಿ? ‘ಎರಕ’ ಅಂದರೆ ಜನ ಲೋಹ ಅಂದುಕೊಳ್ಳುತ್ತಾರೆ. ‘ಪಡಿಯಚ್ಚು’ ನನಗೆ ತುಂಬಾ ಇಷ್ಟ. ಅಪ್ಪನ ಪಡಿಯಚ್ಚು ಅಂತ ನನ್ನನ್ನು ಊರೆಲ್ಲ ಕರೆಯುತ್ತದೆ. ಮಾತು ಹುಟ್ಟಿದ ಕೆಲಸಕ್ಕೇ ಅದನ್ನು ವಾಪಸ್ ತಂದ ಹಾಗೂ ಆಗುತ್ತದೆ. ನಿಘಂಟಿನಲ್ಲಿ ಅಚ್ಚಿಗೆ ‘ಕರು’ ಅನ್ನುವ ಹಳೆಯ ಪದವೂ ಸಿಕ್ಕಿತು. ‘ಕರು, ಪ್ಲಾಸ್ಟರ್’ ಅಂತ ಬರೆದರೆ ಅಜ್ಜಿ ಕರು ಎಲ್ಲಿ ಅಂತ ಹುಡುಕುತ್ತಾರೆ. ಬೇಡ.

ಮುದ್ರಣದ ಕಡೆ ಒಂದು ಸಿದ್ಧ ಪದ ಇದೆ: ‘ಕಲ್ಲಚ್ಚು’. ಲಿಥೋಗ್ರಫಿಗೆ ಇದಕ್ಕಿಂತ ಒಳ್ಳೆಯ ಪದ ಬೇಕಾ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಅಪ್ಪ ಹೇಳುವ ಮಾಧ್ಯಮ ಕನ್ನಡದಲ್ಲಿ ಶುರುವಾದದ್ದು ನಾನು ಹೇಳುವ ಮಾಧ್ಯಮದಲ್ಲಿ ಅಂತಾಯಿತು. ಒಂದೇ ಕಿರಿಕಿರಿ, ಕಲ್ಲಚ್ಚು ಅಂದರೆ ಕಲ್ಲನ್ನು ಕೆತ್ತುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆತ್ತುವುದೇ ಇಲ್ಲ. ಜಿಡ್ಡಿನ ಬಳಪದಿಂದ ನುಣುಪು ಕಲ್ಲಿನ ಮೇಲೆ ಬರೆಯುತ್ತೇವೆ. ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ನೀರು ಇದ್ದಲ್ಲಿ ಹಿಡಿಯುವುದಿಲ್ಲ.

ಕಲ್ಲಚ್ಚಿನ ಜಾಡಿನಲ್ಲೇ ನಾನು ‘ಮರದಚ್ಚು’, ‘ಲಿನೋ ಅಚ್ಚು’ ಅಂತ ಬರೆದಿದ್ದೇನೆ. ಲೋಹದ ಫಲಕದಿಂದ ಒತ್ತುವ ಎಚಿಂಗಿಗೆ ‘ತಗಡಚ್ಚು’ ಅಂತ ಬರೆದು ಹೊಡೆದುಹಾಕಿದೆ. ತಗಡು ಅಂದರೆ ಕೊಟ್ಟಿಗೆಯ ಮಾಡು ಕಣ್ಣಿಗೆ ಬರುತ್ತದೆ. ತಾಮ್ರದ ಫಲಕವನ್ನು ಆಮ್ಲ ತಿನ್ನುವುದೇ ಇದರ ಜೀವ. ‘ತಿನ್ನಿಸಿದ ಅಚ್ಚು’ ಅಂದರೆ ಮಂಡ್ಯದ ಗೆಳತಿ ಬಿಡುವುದಿಲ್ಲ.

ಇನ್ನು 3/10 ಅಂತ ಪೆನ್ಸಿಲಿನಲ್ಲಿ ಬರೆಯುತ್ತೇವಲ್ಲ, ಹತ್ತು ಒತ್ತಿದ್ದರಲ್ಲಿ ಇದು ಮೂರನೆಯದು ಅಂತ. ಅದಕ್ಕೆ ‘ಪ್ರತಿ’ ಅಂತ ಹಾಕಿದ್ದೆ. ಚಿಕ್ಕಪ್ಪ ಓದಿ “ಹಂಗಾದ್ರೆ ಒರಿಜಿನಲ್ ಎಲ್ಲಿದೆ?” ಅಂದರು. ಹತ್ತೂ ಒರಿಜಿನಲ್ಲೇ ಅಂತ ಅರ್ಧ ಗಂಟೆ ವಿವರಿಸಿದೆ. ಅವರು ತಲೆ ಆಡಿಸಿದರು, ನಂಬಲಿಲ್ಲ. ‘ಪ್ರತಿ’ ಬಿಟ್ಟು ‘ಒತ್ತು’ ಅಂದರೆ ಹೇಗೆ? ‘ಹತ್ತರಲ್ಲಿ ಮೂರನೇ ಒತ್ತು’. ಶಾಲೆಯ ಒತ್ತಕ್ಷರ ನೆನಪಾದರೆ ಆಗಲಿ ಬಿಡಿ.

ಎಣ್ಣೆಬಣ್ಣದಲ್ಲಿ ನನಗೆ ಪ್ರಶ್ನೆ ಇಲ್ಲ, ಒಂದು ಪದ ಹಂಚಿಕೊಳ್ಳುವುದು ಇದೆ. ಈ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಪ್ಯಾಲೆಟಿನಲ್ಲಿ ಬಿಟ್ಟ ಬಣ್ಣದ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತದೆ, ಒಳಗೆ ಇನ್ನೂ ಹಸಿ. ನಮ್ಮ ಸ್ಟುಡಿಯೋ ನೋಡಿಕೊಳ್ಳುವ ಅಣ್ಣ ಅದಕ್ಕೆ ‘ಕೆನೆ’ ಅನ್ನುತ್ತಾರೆ. “ಕೆನೆ ತೆಗೆದು ಹಾಕು, ಅಡೀಲಿ ಚೆನ್ನಾಗೈತೆ.” ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ನಾನು ಇವತ್ತಿಗೂ ನೋಡಿಲ್ಲ. ಬೇಕು ಅನ್ನಿಸಿಲ್ಲ.

ಕೊನೆಗೆ, ಒಂದು ಚೀಟಿ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಬಂತು. ಅಡಿಕೆ ಬೇಯಿಸಿದ ಚೊಗರನ್ನು ಊರಿಂದ ಬಾಟಲಿಯಲ್ಲಿ ತಂದು ನಮ್ಮ ಅಂಗಳದ ಚಿತ್ರ ಬರೆದಿದ್ದೆ. ಅದರ ಕೆಳಗೆ ‘ಕಾಗದಕ್ಕೆ ಚೊಗರು’ ಅಂತ ಬರೆದೆ. ಈಗ ಬೆಂಗಳೂರಿನ ಗೆಳತಿಯರು ಚೊಗರು ಅಂದರೇನು ಅಂತ ಕೇಳುತ್ತಿದ್ದಾರೆ.

ಸಾರಣೆ, ತೊಳೆತ, ಪಡಿಯಚ್ಚು, ಒತ್ತು. ಈ ನಾಲ್ಕರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಎಚಿಂಗಿಗೆ ಏನಾದರೂ ಹೊಳೆದರೆ ಅದನ್ನೂ ಹೇಳಿ. ನಿಮ್ಮ ಮನೆಯಲ್ಲಿ ಗಾರೆ ಕೆಲಸದವರು, ಕುಂಬಾರರು, ಅಕ್ಕಸಾಲಿಗರು ಇದ್ದರೆ ದಯವಿಟ್ಟು ಅವರನ್ನೂ ಒಂದು ಮಾತು ಕೇಳಿ. ಸ್ವಲ್ಪ ಬೇಗ ಬರೆದರೆ ಒಳ್ಳೆಯದು, ಬರುವ ಸೋಮವಾರ ಚೀಟಿಗಳನ್ನೆಲ್ಲ ಅಚ್ಚಿಗೆ ಕೊಡಬೇಕು. ನೋಡಿ, ಮತ್ತೆ ಅದೇ ಪದ.