ಮಗಳು ಆಗಸ್ಟ್‌ನಾಗ ಹುಟ್ಯಾಳ, ಫಿಗರ್ ಸ್ಕೇಟಿಂಗ್‌ಗೆ ಜೂನ್ ಮಾಡಸಬೇಕೇನು?

ಕೇಳಿದವರು (ಟಿಳಕವಾಡಿ, ಬೆಳಗಾವಿ): ಮಗಳು ಹುಟ್ಟಿದ್ದು 2015ರ ಆಗಸ್ಟ್. ಇಲ್ಲೇ ರೋಲರ್ ಸ್ಕೇಟಿಂಗ್ ಕಲ್ತಾಳ, ಡೆಹ್ರಾಡೂನಿನ ಐಸ್ ರಿಂಕ್‌ನಾಗೂ ಆಡಿ ಬಂದಾಳ. ಈಗ ಐಸ್ ಮ್ಯಾಲಿನ ಫಿಗರ್ ಸ್ಕೇಟಿಂಗೇ ಬೇಕಂತ ಹಟ. ಪರಿಚಯದವರೊಬ್ರು "ಜುಲೈ 1ರ ಲೆಕ್ಕದಾಗ ಆಕಿದು ಒಂದು ವರ್ಷ ಹೋಗ್ತದ, ದಾಖಲೆದಾಗ ಜೂನ್ ಮಾಡಸ್ರಿ" ಅಂತಾರ. ನಮ್ಮ ಮನಿಯವರೂ ಹೂಂ ಅಂದಾರ. ತಿಳದವರು ಹೇಳ್ರಿ.

ಗೋಕಾಕದಿಂದ: ಅಕ್ಕಾರ, ಮೊದಲ ಲೆಕ್ಕ ನೋಡೂಣು. ಅಂತಾರಾಷ್ಟ್ರೀಯ ಜೂನಿಯರ್‌ಗೆ ಸೀಸನ್ ಶುರುವಾಗೂ ಜುಲೈ 1ರ ಒಳಗ 13 ತುಂಬಿರಬೇಕು. ಸೀನಿಯರ್‌ಗೆ ಮೊದಲು 15 ಇತ್ತು. 2022ರಾಗ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಏರಿಸಿ, 2023-24ಕ್ಕ 16, 2024-25ರಿಂದ 17 ಮಾಡ್ತು. ನಿಮ್ಮ ಹುಡುಗಿ ಇದ್ದ ತಾರೀಖಿಗೇ 2029-30ಕ್ಕ ಜೂನಿಯರ್, 2033-34ಕ್ಕ ಸೀನಿಯರ್. ಚಳಿಗಾಲದ ಒಲಿಂಪಿಕ್ಸ್ 2034ರಾಗ ಯೂಟಾದಾಗ ಐತಿ, ಅದು ಅದ ಸೀಸನ್. ಜೂನ್ ಮಾಡಿಸಿದ್ರೂ ಸಿಗೂದು ಅದ ಒಲಿಂಪಿಕ್ಸ್. ಮತ್ತ್ಯಾಕ ಬೇಕ್ರಿ ಈ ಉಸಾಬರಿ?

ವಿಜಯಪುರದಿಂದ (ಸೈಕ್ಲಿಂಗ್ ಹುಡುಗನ ತಂದಿ): ನಮ್ಮ ಕಾಲದಾಗ ಸಾಲಿ ಮಾಸ್ತರು ಕಂಡಕಂಡವರಿಗೆಲ್ಲ ಜೂನ್ 1 ಬರೀತಿದ್ರು. ನಮ್ಮ ಮನ್ಯಾಗ ಅಣ್ಣತಮ್ಮಂದಿರೆಲ್ಲಾ ಜೂನ್ 1ಕ್ಕ ಹುಟ್ಟಿದವರ! ಆಗ ನಡೀತು. ಈಗ ದವಾಖಾನಿ ದಾಖಲೆ, ಆಧಾರ್, ಪಾಸ್‌ಪೋರ್ಟ್ ಮೂರೂ ತಾಳೆ ಆಗಬೇಕು. ವಯಸ್ಸಿನ ಕಳ್ಳತನ ಹೊರಗ ಬಿತ್ತಂದ್ರ ಆಟ ಬಿಡೂದು ಹುಡುಗಿ.

ಕೇಳಿದವರು: ಹಂಗಾರ ತಾರೀಖು ಮುಟ್ಟೂದಿಲ್ಲ. ಆದ್ರ ಒಂದು ವರ್ಷ ಹಿಂದ ಬೀಳೂದು ಖರೇ ಅಲ್ಲೇನ್ರಿ?

ಶಹಾಪುರದಿಂದ (ಒಬ್ಬ ಸ್ಕೇಟರ್‌ನ ಅವ್ವ): ತಂಗಿ, ಅಮೆರಿಕದ ಅಲಿಸಾ ಲಿಯು ಹುಟ್ಟಿದ್ದೂ ಆಗಸ್ಟೇ, 2005ರ ಆಗಸ್ಟ್ 8. 2019ರ ಜನವರಿಯಾಗ 13ನೇ ವಯಸ್ಸಿಗೇ ಅವರ ದೇಶದ ಸೀನಿಯರ್ ಚಾಂಪಿಯನ್ ಆದ್ಲು. ಆದ್ರ ಆ ಸೀಸನ್ನಿನಾಗ ಹೊರದೇಶದ ಜೂನಿಯರ್ ಸ್ಪರ್ಧಾಕ್ಕೂ ಹೋಗಾಕ ಬರಲಿಲ್ಲ, ಜುಲೈ 1ಕ್ಕ 13 ತುಂಬಿರಲಿಲ್ಲ ನೋಡು. ಆಕಿಗೆ ಕಾಯೂದು ಭಾರ ಆಗಲಿಲ್ಲ, ಬ್ಯಾಸರಕಿ ಭಾರ ಆತು: 2022ರಾಗ 16ಕ್ಕೇ ಆಟ ಬಿಟ್ಲು. ಮತ್ತ ತನ್ನ ಖುಷಿಗೆ ತಾನ ಬಂದು 2025ರಾಗ ಬೋಸ್ಟನ್‌ದಾಗ ವಿಶ್ವ ಚಾಂಪಿಯನ್ ಆದ್ಲು, 19ಕ್ಕ.

ಸಣ್ಣ ಹಗುರ ಮೈ ಇದ್ದಾಗ ಗಾಳ್ಯಾಗ ಮೂರು-ನಾಕು ಸುತ್ತು ತಿರಗೂದು ಸಸಾರ. ಅದಕ್ಕ ಕೋಚ್‌ಗಳಿಗೆ ಅವಸರ. ಮೈ ಬೆಳದ ಮ್ಯಾಲೆ ಆ ಜಿಗಿತ ಕೈಕೊಡತಾವ, ಅಷ್ಟರೊಳಗ ಟೊಂಕ, ಹಿಂಬಡ ನೋವು ಹಿಡದಿರ್ತಾವ. 2022ರ ಬೀಜಿಂಗ್ ಒಲಿಂಪಿಕ್ಸ್‌ನಾಗ 15 ವರ್ಷದ ರಷ್ಯಾದ ಸ್ಕೇಟರ್ ವಲಿಯೆವಾಳ ಡೋಪಿಂಗ್ ಗದ್ದಲ ಎಲ್ಲಾರೂ ಟೀವಿಯಾಗ ನೋಡೇವಿ. ನಾ ಅಂತೂ 17 ಮಾಡಿದ್ದು ಚಲೋ ಆತು ಅನ್ನಾಕಿ. ಜಪಾನಿನ ಮಾವೊ ಅಸಾಡಾ 87 ದಿನ ಸಣ್ಣಾಕಿ ಆಗಿ 2006ರ ಒಲಿಂಪಿಕ್ಸ್ ತಪ್ಪಿಸಿಕೊಂಡ್ಲು ಅನ್ನೂದು ಹೊಟ್ಟಿ ಉರಸ್ತದ, ಒಪ್ಪತೇನಿ. ಆದ್ರ 2010ಕ್ಕ ಬೆಳ್ಳಿ ತಂದ್ಲಲ್ಲ.

ನಿನ್ನ ಹುಡುಗಿಗೆ ಈಗ ವಯಸ್ಸಿನ ಅಡಚಣಿ ಇಲ್ಲವ್ವಾ, ಐಸ್‌ದು ಅಡಚಣಿ. ಇಲ್ಲಿ ಚಕ್ರದ ಮ್ಯಾಲೆ ತಿರಗೂದು, ಸ್ಕೇಟಿನ ಅಂಚಿನ ಮ್ಯಾಲೆ ಹಿಡತ, ನೃತ್ಯ ಕಲೀಲಿ. ಸೂಟ್ಯಾಗ ಐಸ್‌ಗೆ ಕರಕೊಂಡು ಹೋಗು. ದೊಡ್ಡ ಜಿಗಿತಕ್ಕ ಯಾರರ ಅವಸರ ಮಾಡಿದ್ರ ಆ ಕೋಚನ್ನ ಬದಲಿ ಮಾಡು, ತಾರೀಖನ್ನಲ್ಲ.

ಕೇಳಿದವರು: ಮನಿಯವರಿಗೂ ಓದಿ ಹೇಳ್ದೆ. 2034ರ ಲೆಕ್ಕ ಕೇಳಿ ಸುಮ್ಮನಾದ್ರು. ಇಲ್ಲೇ ನೃತ್ಯ ಚಲೋ ಕಲಿಸವ್ರು ಯಾರದಾರ್ರಿ?