‘ಗ್ರೇಟರ್’ ಕಂಡಲ್ಲೆಲ್ಲ ‘ಬೃಹತ್’ ಎಂದು ಬರೆಯಬಹುದೇ?

ಪ್ರಶ್ನೆ (ಅನುವಾದಕಿ)

ವಿದೇಶ ವ್ಯವಹಾರಗಳನ್ನು ಕುರಿತ ಇಂಗ್ಲಿಷ್ ಲೇಖನಗಳನ್ನು ಒಂದು ಮಾಸಪತ್ರಿಕೆಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಕಳೆದ ವಾರ ಕಳುಹಿಸಿದ ಕರಡು ಕೆಂಪು ಗುರುತುಗಳನ್ನು ಹೊತ್ತು ಹಿಂದಿರುಗಿತು, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೇ ಪದದ ಮೇಲಿದ್ದವು. ‘ಗ್ರೇಟರ್’ ಎಂದಿದ್ದಲ್ಲೆಲ್ಲ ನಾನು ‘ಬೃಹತ್’ ಎಂದು ಬರೆದಿದ್ದೆ: ಬೃಹತ್ ಸರ್ಬಿಯಾ, ಬೃಹತ್ ರೊಮೇನಿಯಾ, ಬೃಹತ್ ಇಸ್ರೇಲ್, ಹೊರ್ಮುಜ್ ಜಲಸಂಧಿಯ ಹತ್ತಿರದ ಬೃಹತ್ ತುಂಬ್ ದ್ವೀಪ. ಸ್ಪೇನಿನ ಕಟಲೋನಿಯಾ ಪ್ರಾಂತದ ಪ್ರಸ್ತಾಪ ಬಂದ ಕಡೆ ‘ಬೃಹತ್ ಸ್ವಾಯತ್ತತೆ’ ಎಂದೂ ಬರೆದುಬಿಟ್ಟಿದ್ದೇನೆ. ಈಗ ಓದಿದರೆ ನನಗೇ ನಗು ಬರುತ್ತದೆ. ತುಂಬ್ ದ್ವೀಪದ ವಿಸ್ತಾರ ಹತ್ತು ಚದರ ಕಿಲೋಮೀಟರಿನ ಆಸುಪಾಸು. ಅದನ್ನು ಬೃಹತ್ ಎಂದರೆ ಓದುಗರು ಏನೆಂದುಕೊಳ್ಳಬೇಕು ಎಂದು ಸಂಪಾದಕರು ಅಂಚಿನಲ್ಲಿ ಕೇಳಿದ್ದಾರೆ. ಅವರ ಮಾತು ಸರಿ. ಆದರೆ ಬೆಂಗಳೂರಿನ ಪಾಲಿಕೆಗೆ 2007ರಿಂದ ‘ಬೃಹತ್’ ಎಂಬುದೇ ಒಗ್ಗಿತ್ತಲ್ಲ, ಹಾಗಾದರೆ ಆ ಪದ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದಕ್ಕೆ ಏನಾದರೂ ದಾರಿಯಿದೆಯೇ?

ಉತ್ತರ (ಕರಡು ತಿದ್ದುವವ)

ಕನ್ನಡದ ಗುಣವಾಚಕಕ್ಕೆ ತರತಮದ, ಎಂದರೆ ಒಂದಕ್ಕಿಂತ ಇನ್ನೊಂದು ಹೆಚ್ಚು ಎಂದು ತೋರಿಸುವ, ರೂಪವಿಲ್ಲ ಎಂಬಲ್ಲಿಂದಲೇ ಈ ತೊಡಕು ಹುಟ್ಟುತ್ತದೆ. ‘ದೊಡ್ಡ’ ಎಂಬುದು ಯಾವಾಗಲೂ ‘ದೊಡ್ಡ’ವೇ, ಹೋಲಿಕೆಯ ಭಾರವನ್ನೆಲ್ಲ ಪಕ್ಕದ ನಾಮಪದಕ್ಕೆ ಅಂಟಿದ ‘ಗಿಂತ’ ಹೊರುತ್ತದೆ. ಸಂಸ್ಕೃತದಿಂದ ‘ತರ’ ಎಂಬ ಪ್ರತ್ಯಯ ಬಂದಿದ್ದರೂ ಅದು ನಮ್ಮಲ್ಲಿ ಹೋಲಿಕೆಯ ಕಸುವನ್ನು ಉಳಿಸಿಕೊಳ್ಳಲಿಲ್ಲ. ‘ಗುರುತರ ಆರೋಪ’ ಎಂದು ಓದಿದಾಗ ಅದು ಯಾವುದಕ್ಕಿಂತ ಗುರು ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ವರದಿಗಾರನಿಗಾದರೋ ಯಾವುದಕ್ಕಿಂತ ಎಂಬುದನ್ನು ನುಂಗಿಕೊಂಡು ಬರೆಯುವ ಸೌಕರ್ಯವಿದೆ. ಅವನು ನುಂಗಿದ್ದನ್ನು ಕನ್ನಡಿಸುವವರು ಹೊರಗೆ ತೆಗೆಯಬೇಕಾಗುತ್ತದೆ.

ನಿಮ್ಮ ಕಟಲೋನಿಯಾದ ವಾಕ್ಯವನ್ನೇ ನೋಡಿ. ಅಲ್ಲಿ 1979ರ ಸ್ವಾಯತ್ತತಾ ಶಾಸನವಿತ್ತು. 2006ರಲ್ಲಿ ಹೆಚ್ಚಿನ ಅಧಿಕಾರಗಳುಳ್ಳ ಹೊಸ ಶಾಸನ ಬಂದಿತು. 2010ರಲ್ಲಿ ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ ಅದರ ಕೆಲವು ವಿಧಿಗಳನ್ನು ರದ್ದುಮಾಡಿತು. ಆದ್ದರಿಂದ ಲೇಖನ ಯಾವ ವರ್ಷದ ಬೇಡಿಕೆಯನ್ನು ಹೇಳುತ್ತಿದೆ ಎಂಬುದನ್ನು ನೋಡಿಕೊಂಡು, ‘1979ರ ಶಾಸನ ಕೊಟ್ಟಿದ್ದಕ್ಕಿಂತ ಹೆಚ್ಚಿನ ಅಧಿಕಾರ’ ಎಂದೋ ‘ನ್ಯಾಯಾಲಯ ಉಳಿಸಿದ್ದಕ್ಕಿಂತ ಹೆಚ್ಚಿನ ಅಧಿಕಾರ’ ಎಂದೋ ಬರೆಯಬೇಕು. ವಾಕ್ಯ ಉದ್ದವಾಗುತ್ತದೆ, ಆಗಲಿ. ಬರಿಯ ‘ಹೆಚ್ಚಿನ ಸ್ವಾಯತ್ತತೆ’ ತಪ್ಪಲ್ಲವಾದರೂ ಅದರಿಂದ ಓದುಗನಿಗೆ ತಿಳಿಯುವುದು ಬಹಳ ಕಡಿಮೆ.

ದ್ವೀಪದ ವಿಷಯ ಸುಲಭ. ಅದು ಜೋಡಿ ಹೆಸರು, ಒಂದು ದೊಡ್ಡದು, ಇನ್ನೊಂದು ಚಿಕ್ಕದು. ನಮ್ಮ ದೊಡ್ಡಬಳ್ಳಾಪುರ ಮತ್ತು ಚಿಕ್ಕಬಳ್ಳಾಪುರ, ಹಿರೇಮಗಳೂರು ಮತ್ತು ಚಿಕ್ಕಮಗಳೂರು ಇದ್ದಂತೆ. ‘ದೊಡ್ಡ ತುಂಬ್’, ‘ಚಿಕ್ಕ ತುಂಬ್’ ಎಂದರೆ ಮುಗಿಯಿತು. ಅಚ್ಚಿನಲ್ಲಿ ಅದು ‘ತುಂಬ ದೊಡ್ಡ’ ಎಂದಾಗದಂತೆ ಮಾತ್ರ ಎಚ್ಚರ ವಹಿಸಿ.

ಉತ್ತರ (ನಕಾಶೆಪ್ರಿಯ)

ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ: ನಾವು ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಿರುವ ತರತಮ ಅನೇಕ ಕಡೆ ಮೂಲದಲ್ಲಿ ಇಲ್ಲವೇ ಇಲ್ಲ. ಇರಾನಿನವರು ಆ ದ್ವೀಪವನ್ನು ‘ತುಂಬೆ ಬೊಜೊರ್ಗ್’ ಎನ್ನುತ್ತಾರೆ. ‘ಬೊಜೊರ್ಗ್’ ಎಂದರೆ ಸುಮ್ಮನೆ ದೊಡ್ಡ. ಅರಬ್ಬಿಯ ‘ತುಂಬ್ ಅಲ್ ಕುಬ್ರಾ’ದಲ್ಲಿ ಮಾತ್ರ ಹೆಚ್ಚುಗಾರಿಕೆಯ ರೂಪವಿದೆ. 1971ರ ನವೆಂಬರ್ 30ರಂದು ಇರಾನ್ ಆ ಎರಡು ದ್ವೀಪಗಳಿಗೆ ತನ್ನ ಪಡೆಯನ್ನು ಇಳಿಸಿತು. ಎರಡು ದಿನ ಕಳೆದು ಸಂಯುಕ್ತ ಅರಬ್ ಎಮಿರೇಟ್ಸ್ ಹುಟ್ಟಿತು, ಮತ್ತು ಆ ದೇಶ ಇಂದಿಗೂ ಅವುಗಳ ಮೇಲೆ ಹಕ್ಕು ಹೇಳುತ್ತಿದೆ. ಕನ್ನಡದ ‘ದೊಡ್ಡ’ ಇಬ್ಬರ ಹೆಸರಿಗೂ ಒಪ್ಪುತ್ತದೆ.

ದೇಶಗಳ ಹೆಸರಿನಲ್ಲಿಯೂ ಇದೇ ಕತೆ. ಸರ್ಬಿಯನ್ನಿನ ‘ವೆಲಿಕಾ ಸ್ರ್ಬಿಯಾ’, ರೊಮೇನಿಯನ್ನಿನ ‘ರೊಮೇನಿಯಾ ಮಾರೆ’, 1940ರಲ್ಲಿ ಜಪಾನ್ ತನ್ನ ಮುಂದಾಳ್ತನದಲ್ಲಿ ಕಟ್ಟುವುದಾಗಿ ಸಾರಿದ ಪೂರ್ವ ಏಷ್ಯಾ ಸಹಸಮೃದ್ಧಿ ವಲಯದ ಹೆಸರಿನ ಮುಂದಿನ ‘ದಾಯ್’, ಇವೆಲ್ಲವೂ ಬರಿಯ ‘ದೊಡ್ಡ’ ಅಥವಾ ‘ಮಹಾ’. ಹೀಬ್ರೂವಿನ ‘ಎರೆಟ್ಸ್ ಯಿಸ್ರಾಯೇಲ್ ಹಶ್ಲೇಮಾ’ದಲ್ಲಂತೂ ‘ದೊಡ್ಡ’ ಎಂಬ ಮಾತೇ ಇಲ್ಲ, ‘ಇಡಿಯಾದ’ ಎಂಬ ಮಾತಿದೆ. ಇಂಗ್ಲಿಷ್ ಇವೆಲ್ಲಕ್ಕೂ ಒಂದೇ ಅಂಗಿ ತೊಡಿಸಿತು, ನಾವು ಆ ಅಂಗಿಯ ಅಳತೆ ತೆಗೆಯುತ್ತ ಕುಳಿತಿದ್ದೇವೆ. ಹೀಬ್ರೂ ಮೂಲವನ್ನು ನೋಡಿದರೆ ‘ಬೃಹತ್ ಇಸ್ರೇಲ್’ಗಿಂತ ‘ಅಖಂಡ ಇಸ್ರೇಲ್’ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಉತ್ತರ (ಹಳೆಯ ಸುದ್ದಿಮನೆ)

‘ಅಖಂಡ’ ಪದವನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ಒಂದು ಕಾಲದಲ್ಲಿ ಇಡಿಯಾಗಿದ್ದದ್ದು ಆಮೇಲೆ ಒಡೆಯಿತು, ಅದು ಮತ್ತೆ ಕೂಡಬೇಕಾದದ್ದು ನ್ಯಾಯ ಎಂಬ ವಾದವನ್ನು ಆ ಪದ ತನ್ನ ಹೊಟ್ಟೆಯಲ್ಲಿಟ್ಟುಕೊಂಡಿದೆ. ನಾವೇ ‘ಅಖಂಡ ಕರ್ನಾಟಕ’ ಎಂದು ಹೇಳಿಕೊಂಡವರು. ಮುಂಬಯಿ, ಹೈದರಾಬಾದ್, ಮದ್ರಾಸು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದವರಿಗೆ ಆ ಮಾತು ನ್ಯಾಯವಾಗಿಯೇ ಕೇಳಿಸುತ್ತಿತ್ತು. ಆದರೆ 1956ರಲ್ಲಿ ರಾಜ್ಯ ಒಂದುಗೂಡಿದ ಸಂದರ್ಭದಲ್ಲಿ ಬಳಕೆಯಲ್ಲಿದ್ದ ‘ವಿಶಾಲ ಮೈಸೂರು’ ಎಂಬ ಹೆಸರನ್ನು ನೆನೆಯಿರಿ. ‘ವಿಶಾಲ’ ಎಂದವನ ಕಣ್ಣು ಮೈಸೂರಿನಲ್ಲಿ ನಿಂತು ಹೊರಕ್ಕೆ ನೋಡುತ್ತಿದೆ. ‘ಅಖಂಡ’ ಎಂದವನ ಕಣ್ಣು ಒಡೆದ ಚೂರುಗಳ ಮೇಲಿದೆ. ನೆಲ ಒಂದೇ ಆದರೂ ನೋಟ ಬೇರೆ. ಲೇಖಕನು ತನ್ನ ದನಿಯಲ್ಲಿ ‘ಅಖಂಡ ಇಸ್ರೇಲ್’ ಎಂದು ಬರೆದರೆ, 1967ರ ಯುದ್ಧದ ಬಳಿಕ ಆ ಹೆಸರಿನಲ್ಲಿಯೇ ಹುಟ್ಟಿದ ಚಳವಳಿಯ ಮಾತನ್ನು ತನ್ನ ಮಾತಾಗಿಸಿಕೊಂಡಂತಾಗುತ್ತದೆ. ಅವರ ಬಾಯಿಂದ ಬಂದ ಮಾತಾಗಿ, ಉದ್ಧರಣ ಚಿಹ್ನೆಯೊಳಗೆ, ‘ಅಖಂಡ’ ಇರಲಿ. ಅದರ ಮೇರೆಯನ್ನೂ ಹೇಳಬೇಕು, ಏಕೆಂದರೆ ಕೆಲವರು ಪಶ್ಚಿಮ ದಂಡೆ ಮತ್ತು ಗಾಜಾವನ್ನು ಮಾತ್ರ ಸೇರಿಸಿ ಹೇಳುತ್ತಾರೆ, ಇನ್ನು ಕೆಲವರು ನೈಲ್ ನದಿಯಿಂದ ಯೂಫ್ರೆಟಿಸ್‌ವರೆಗೆ ಹೋಗುತ್ತಾರೆ.

ಹೆಸರು ಯಾರ ಬಾಯಲ್ಲಿದೆ ಎಂಬುದು ವಿಶೇಷಣದ ಆಯ್ಕೆಗಿಂತ ದೊಡ್ಡ ಪ್ರಶ್ನೆ. 1918ರಲ್ಲಿ ಟ್ರಾನ್ಸಿಲ್ವೇನಿಯಾ, ಬುಕೋವಿನಾ, ಬೆಸರೇಬಿಯಾಗಳು ಕೂಡಿದ ಮೇಲಿನ ರೊಮೇನಿಯಾ ನಿಜವಾಗಿ ಇದ್ದ ರಾಜ್ಯ; ಆ ವರ್ಷದ ಡಿಸೆಂಬರ್ 1ರ ನೆನಪನ್ನು ರೊಮೇನಿಯನ್ನರು ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಅಲ್ಲಿ ‘ಮಹಾ ರೊಮೇನಿಯಾ’ ಎಂಬುದು ಇತಿಹಾಸದ ಒಂದು ಘಟ್ಟದ ಹೆಸರು. ಸರ್ಬಿಯಾದ ವಿಷಯ ಹಾಗಲ್ಲ. 1844ರ ಹೊತ್ತಿಗೇ ಅಲ್ಲಿನ ಸಚಿವ ಇಲಿಯಾ ಗರಾಶನಿನ್ ರಾಜ್ಯವನ್ನು ಹಿಗ್ಗಿಸುವ ಗುಟ್ಟಿನ ಯೋಜನೆಯನ್ನು ಬರೆದಿಟ್ಟಿದ್ದರೂ, ಯುಗೊಸ್ಲಾವಿಯಾ ಒಡೆದ 1990ರ ದಶಕದ ವರದಿಗಳಲ್ಲಿ ಆ ಹೆಸರು ಬಹುಮಟ್ಟಿಗೆ ಎದುರಾಳಿಗಳು ಹೊರಿಸಿದ ಆರೋಪ. ಸರ್ಬಿಯಾದ ಉಗ್ರ ರಾಷ್ಟ್ರೀಯವಾದಿ ರಾಜಕಾರಣಿ ಶೆಶೆಲ್ ಅದನ್ನು ಬಹಿರಂಗವಾಗಿ ಎತ್ತಿ ಹಿಡಿದರು. ಆ ದಶಕದಲ್ಲಿ ಸರ್ಬಿಯಾವನ್ನು ಆಳಿದ ಮಿಲೋಶೆವಿಚ್ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ಅದನ್ನು ಅಲ್ಲಗಳೆದರು. ರೊಮೇನಿಯಾ, ಸರ್ಬಿಯಾ ಎರಡಕ್ಕೂ ‘ಬೃಹತ್’ ಎಂದು ಮುದ್ರೆಯೊತ್ತಿದರೆ, ಇದ್ದ ರಾಜ್ಯವೂ ಇರದಿದ್ದ ರಾಜ್ಯವೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತವೆ.

ಉತ್ತರ (ಹವ್ಯಾಸಿ ಓದುಗ)

ಇಷ್ಟೆಲ್ಲ ಏಕೆ? 2025ರಲ್ಲಿ ಬೆಂಗಳೂರೇ ‘ಬೃಹತ್’ ಬಿಟ್ಟು ‘ಗ್ರೇಟರ್ ಬೆಂಗಳೂರು ಪ್ರಾಧಿಕಾರ’ವಾಯಿತು. ಪದವನ್ನು ಹಾಗೆಯೇ ಇಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ.

ಉತ್ತರ (ಕರಡು ತಿದ್ದುವವ)

ನಗರದ ಹೆಸರಿನಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ‘ಗ್ರೇಟರ್’ ಎಂದರೆ ಊರು ಮತ್ತು ಅದರ ಸುತ್ತಲಿನ ಬಡಾವಣೆಗಳು ಎಂದಷ್ಟೇ, ಮೇರೆಯನ್ನು ಕಾನೂನು ಗೊತ್ತುಮಾಡಿರುತ್ತದೆ. ‘ಗ್ರೇಟರ್ ಸರ್ಬಿಯಾ’ದ ಮೇರೆಯನ್ನು ಯಾವ ಕಾನೂನೂ ಗೊತ್ತುಮಾಡಿಲ್ಲ. ಅಲ್ಲಿ ಇಂಗ್ಲಿಷ್ ಪದವನ್ನು ಇಟ್ಟರೆ ಓದುಗನು ಅದನ್ನು ಆಡಳಿತ ವಿಭಾಗವೆಂದು ಭಾವಿಸುವ ಅಪಾಯ ‘ಬೃಹತ್’ಗಿಂತಲೂ ಹೆಚ್ಚು.

ಪ್ರತಿಕ್ರಿಯೆ (ಅನುವಾದಕಿ)

ಎಲ್ಲರಿಗೂ ಧನ್ಯವಾದಗಳು. ಕರಡನ್ನು ಮತ್ತೆ ಬರೆದಿದ್ದೇನೆ. ದ್ವೀಪ ‘ದೊಡ್ಡ ತುಂಬ್’ ಆಯಿತು, ರೊಮೇನಿಯಾಕ್ಕೆ ‘ಮಹಾ’ ಬಂದಿತು, ಕಟಲೋನಿಯಾದ ವಾಕ್ಯ ಒಂದೂವರೆ ಸಾಲು ಬೆಳೆಯಿತು. ಸರ್ಬಿಯಾದ ಕಡೆ ವಿಶೇಷಣವನ್ನೇ ಕೈಬಿಟ್ಟು, ‘ಬೋಸ್ನಿಯಾ ಮತ್ತು ಕ್ರೊಯೇಷಿಯಾಗಳಲ್ಲಿ ಸರ್ಬರು ನೆಲೆಸಿದ್ದ ಪ್ರದೇಶಗಳನ್ನು ಸರ್ಬಿಯಾಕ್ಕೆ ಸೇರಿಸುವ ಹಂಚಿಕೆ ಎಂದು ವಿರೋಧಿಗಳು ಕರೆದದ್ದು’ ಎಂದು ಬಿಡಿಸಿ ಬರೆದೆ. ಇಸ್ರೇಲ್ ಕುರಿತ ಪ್ಯಾರಾದಲ್ಲಿ ಮಾತ್ರ ಮೂಲ ಲೇಖಕ ಯಾವ ಮೇರೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಎಂಬುದು ಸ್ಪಷ್ಟವಿಲ್ಲ. ಅದನ್ನು ಕೇಳಿ ಸಂಪಾದಕರ ಮೂಲಕ ಪತ್ರ ಬರೆದಿದ್ದೇನೆ.