ಹಳೇ ಲ್ಯಾಪ್‌ಟಾಪ್: ವಿಂಡೋಸ್ ಉಳಿಸಿಕೊಳ್ಳೋದಾ, ಲಿನಕ್ಸ್ ಹಾಕೋದಾ?

ಪ್ರಶ್ನೆ: ಸರ್, ಮನೆಯಲ್ಲಿರೋದು ಆರನೇ ತಲೆಮಾರಿನ ಐ5 ಲ್ಯಾಪ್‌ಟಾಪ್. 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರಕ್ಕೆ ಆಗೋದಿಲ್ಲ ಅನ್ನುತ್ತೆ. ಬ್ರೌಸಿಂಗ್, ವಿಡಿಯೊ ಕಾಲ್, ಸ್ವಲ್ಪ ವರ್ಡ್-ಎಕ್ಸೆಲ್, ಪ್ರಿಂಟ್, ಇಷ್ಟೇ ಕೆಲಸ. ಆನ್ ಆಗೋಕೇ ತುಂಬಾ ಹೊತ್ತು ಹಿಡಿಯುತ್ತೆ. ವಿಂಡೋಸ್ ಬದಲು ಉಚಿತವಾಗಿ ಸಿಗೋ ಲಿನಕ್ಸ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ನಿಧಾನಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್, ವಿಂಡೋಸ್ ಅಲ್ಲ. ತಿರುಗುವ ಡಿಸ್ಕ್ ಇಟ್ಟುಕೊಂಡು ಲಿನಕ್ಸ್ ಹಾಕಿದರೂ ಬ್ರೌಸರ್ ತೆರೆಯೋಕೆ ಕಾಯಲೇಬೇಕು. ಮೊದಲು ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. 7 ಮಿ.ಮೀ. ದಪ್ಪದ್ದು ಸಾಮಾನ್ಯವಾಗಿ ಕೂರುತ್ತದೆ, 256 ಜಿಬಿ ನಿಮ್ಮ ಕೆಲಸಕ್ಕೆ ಸಾಕು. ಹಳೇ ಡಿಸ್ಕನ್ನು ಅಳಿಸಬೇಡಿ, ಅದೇ ನಿಮ್ಮ ಬ್ಯಾಕಪ್.

ಇನ್ನು ಓಎಸ್, ಅಂದರೆ ವಿಂಡೋಸ್, ಲಿನಕ್ಸ್‌ನಂಥ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಓಡಿಸುವ ಸೌಲಭ್ಯ) ಮತ್ತು ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್. ನಿಮ್ಮದು ಅಲ್ಲೇ ಬಿದ್ದುಹೋಗುತ್ತದೆ. ತಪಾಸಣೆ ತಪ್ಪಿಸಿ ಹಾಕುವ ದಾರಿಗಳಿವೆ, ಆದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತರಿ ಇಲ್ಲ. ಮನೆಮಂದಿಯೆಲ್ಲ ಬಳಸುವ ಯಂತ್ರಕ್ಕೆ ನಾನು ಅದನ್ನು ಹೇಳುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದರೂ ಅದು 2026ರ ಅಕ್ಟೋಬರ್ 13ರವರೆಗಿನ ವ್ಯವಸ್ಥೆ. ಹಾಗಾಗಿ ಈ ಯಂತ್ರಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಸರಣಿಯ ಸಿನಮನ್ ಆವೃತ್ತಿ ಸೂಕ್ತ. 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ರ‍್ಯಾಮ್ 4 ಜಿಬಿ ಇದ್ದಿದ್ದರೆ ಇನ್ನೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಅನ್ನುತ್ತಿದ್ದೆ.

ಹಾಕುವ ಮುಂಚೆ ಲೈವ್ ಆಗಿ, ಅಂದರೆ ಡಿಸ್ಕ್‌ಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್) ಫೈಲ್ ಇಳಿಸಿಕೊಂಡು, ವಿಂಡೋಸ್‌ನಲ್ಲಿರುವ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆಜ್ಞೆಯಿಂದ ಬರುವ ಎಸ್‌ಎಚ್‌ಎ256 ಮೊತ್ತವನ್ನು (ಫೈಲ್ ಸರಿಯಾಗಿದೆಯಾ ಎಂದು ಹೇಳುವ ಅಕ್ಷರಸಾಲು) ಮಿಂಟ್ ತಾಣದಲ್ಲಿರುವುದರ ಜೊತೆ ಹೋಲಿಸಿ. ಅರ್ಧಂಬರ್ಧ ಇಳಿದ ಫೈಲ್‌ನಿಂದಾಗಿ ಇನ್‌ಸ್ಟಾಲ್ ನಡುವೆ ನಿಲ್ಲೋದು ಬಹಳ ಮಾಮೂಲಿ. ರೂಫಸ್ ಎಂಬ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ (ಅದರಲ್ಲಿದ್ದದ್ದೆಲ್ಲ ಹೋಗುತ್ತದೆ). ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಅದರಿಂದ ಬೂಟ್ ಮಾಡಿ. ಆಮೇಲೆ ವೈಫೈ, ಬ್ಲೂಟೂತ್, ವಿಡಿಯೊ ಕಾಲ್‌ನಲ್ಲಿ ಮೈಕ್ ಮತ್ತು ಕ್ಯಾಮೆರಾ, ಪ್ರಿಂಟರ್, ಸ್ಕ್ಯಾನರ್ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ತೆಗೆದಾಗ ನಿದ್ದೆಯಿಂದ ಸರಿಯಾಗಿ ಏಳುತ್ತದಾ ಅನ್ನುವುದನ್ನೂ ಬಿಡಬೇಡಿ, ಜನ ಮರೆಯುವ ಪರೀಕ್ಷೆ ಅದೇ. ವೈಫೈ ಸಿಗದಿದ್ದರೆ ಬಹುಶಃ ಬ್ರಾಡ್‌ಕಾಮ್ ಚಿಪ್ ಇರುತ್ತದೆ. ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆಥರಿಂಗ್ (ಫೋನಿನ ಇಂಟರ್ನೆಟ್ ಹಂಚಿಕೆ) ಆನ್ ಮಾಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿ.

ಪ್ರಶ್ನೆ: ವರ್ಡ್, ಎಕ್ಸೆಲ್ ಫೈಲ್‌ಗಳ ಗತಿ?

ಉತ್ತರ: ಓಎಸ್ ಬದಲಿಸುವ ಮೊದಲು ಅಪ್ಲಿಕೇಶನ್ ಬದಲಿಸಿ. ವರ್ಡ್-ಎಕ್ಸೆಲ್ ಬದಲಿಗೆ ಬಳಸಬಹುದಾದ ಲಿಬ್ರೆ ಆಫೀಸ್ ವಿಂಡೋಸ್‌ನಲ್ಲೂ ಓಡುತ್ತದೆ, ಎರಡು ವಾರ ಅದರಲ್ಲೇ ಕೆಲಸ ಮಾಡಿ ನೋಡಿ. ಪತ್ರ, ಪಟ್ಟಿ, ಸಾದಾ ಲೆಕ್ಕಕ್ಕೆ ತೊಂದರೆ ಇಲ್ಲ. ಪುಟದ ಸಾಲುಗಳು ಹೆಚ್ಚುಕಮ್ಮಿ ಆಗೋದು ಸಾಮಾನ್ಯವಾಗಿ ಫಾಂಟ್‌ನಿಂದ: ಕ್ಯಾಲಿಬ್ರಿ ಇಲ್ಲದಿದ್ದರೆ ಅದೇ ಅಗಲದ ಕಾರ್ಲಿಟೊ, ಕೇಂಬ್ರಿಯಾಗೆ ಕ್ಯಾಲಡಿಯಾ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಎಕ್ಸೆಲ್ ಮ್ಯಾಕ್ರೊಗಳು (ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳು) ಕೆಲವು ಓಡುತ್ತವೆ, ಕೆಲವು ಇಲ್ಲ. ಎಕ್ಸೆಲ್‌ನ ದೊಡ್ಡ ಡೇಟಾ ವಿಶ್ಲೇಷಣೆಯ ಸೌಲಭ್ಯವಾದ ಪವರ್ ಪಿವಟ್ ಮೇಲೆ ಕಟ್ಟಿದ ಶೀಟ್ ಇದ್ದರೆ ಲಿನಕ್ಸ್ ಆಸೆ ಬಿಡಿ. ಅಡೋಬಿ ಫೋಟೊಶಾಪ್ ಅಥವಾ ವಿಂಡೋಸ್‌ಗೆ ಮಾತ್ರ ಬರುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ದಿನದ ಕೆಲಸ ಇರುವವರಿಗೂ ಇದೇ ಮಾತು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಇದೆಯಲ್ಲ ಅನ್ನುವವರಿದ್ದಾರೆ. ಇವತ್ತು ಓಡಿದ್ದು ಮುಂದಿನ ಆವೃತ್ತಿಗೆ ನಿಲ್ಲಬಹುದು, ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬಾರದು.

ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ ಎಂಬ ತಂತ್ರಾಂಶ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ. ನುಡಿ ತಂತ್ರಾಂಶದ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫೈಲ್‌ಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬರು): ನನ್ನದು ಹೊಸ ಲ್ಯಾಪ್‌ಟಾಪ್, ವಿಂಡೋಸ್ 11. ಎರಡೂ ಇರಲಿ ಅಂತ ಆಸೆ. ಆದರೆ ಮಿಂಟ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣ್ತಿಲ್ಲ.

ಉತ್ತರ: ಬಯಾಸ್‌ನಲ್ಲಿ (ಓಎಸ್‌ಗಿಂತ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಡಿಸ್ಕ್ ಬಹುಶಃ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ಅನ್ನುವ ಡಿಸ್ಕ್ ನಿರ್ವಹಣಾ ವಿಧಾನದಲ್ಲಿದೆ. ಅದನ್ನು ಎಎಚ್‌ಸಿಐ ಅನ್ನುವ ಸಾಮಾನ್ಯ ವಿಧಾನಕ್ಕೆ ತಿರುಗಿಸಬೇಕು, ಆದರೆ ನೇರವಾಗಿ ತಿರುಗಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಕ್ರಮ ಹೀಗೆ: ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯಾಸ್ ಮುಟ್ಟಿದರೆ ವಿಂಡೋಸ್ ಅದನ್ನೇ ಕೇಳಬಹುದು, ಇಲ್ಲದಿದ್ದರೆ ಡೇಟಾ ಹೋದಂತೆಯೇ. ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಸಾಧನದಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್.

ಲಿನಕ್ಸ್‌ಗೆ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಬಿಡಿಸಿಕೊಳ್ಳಿ, 60ರಿಂದ 100 ಜಿಬಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲಾಗದು. ಎರಡರ ಗಡಿಯಾರ ಹೊಂದದಿದ್ದರೆ ಗಾಬರಿ ಬೇಡ. ಮದರ್‌ಬೋರ್ಡ್ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಅಂತ ವಿಂಡೋಸ್, ಯುಟಿಸಿ (ಜಾಗತಿಕ ಸಮಯ) ಅಂತ ಲಿನಕ್ಸ್ ತಿಳಿಯುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯ ಬಳಸಲು ಹೇಳಿದರೆ ಮುಗಿಯಿತು.

ಪ್ರಶ್ನೆ: ಲಿನಕ್ಸ್‌ಗೆ ವೈರಸ್ ಬರಲ್ಲ, ಆಂಟಿವೈರಸ್ ಬೇಡ ಅಂತಾರಲ್ಲ?

ಉತ್ತರ: ಆಂಟಿವೈರಸ್ ಸಾಮಾನ್ಯ ಬಳಕೆಗೆ ಬೇಡ, ನಿಜ. ಆದರೆ ನಕಲಿ ಬ್ಯಾಂಕ್ ಪುಟಕ್ಕೆ ಯಾವ ಓಎಸ್ ಅನ್ನುವ ಭೇದ ಇಲ್ಲ, ಕೆಟ್ಟ ಬ್ರೌಸರ್ ಎಕ್ಸ್‌ಟೆನ್ಷನ್‌ಗೂ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್ ಬಿಟ್ಟು ಎಲ್ಲಿಂದಲೋ ತಂದ ಫೈಲ್ ಹಾಕಬೇಡಿ. ಪಾಸ್‌ವರ್ಡ್ ಕೊಟ್ಟು ಹಾಕಿದ್ದಕ್ಕೆ ಇಡೀ ಯಂತ್ರದ ಮೇಲೆ ಅಧಿಕಾರ ಸಿಗುತ್ತದೆ. ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ದಾಖಲಿಸುವ ಟೈಮ್‌ಶಿಫ್ಟ್ ಆನ್ ಮಾಡಿಡಿ. ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ಸ್ಥಿತಿಗೆ ಹೋಗಬಹುದು. ಆದರೆ ತಾನಾಗಿ ಅದು ನಿಮ್ಮ ಫೋಟೊ, ಕಡತಗಳನ್ನು ಉಳಿಸುವುದಿಲ್ಲ, ಅದಕ್ಕೆ ಬೇರೆ ಡಿಸ್ಕ್‌ಗೆ ಪ್ರತ್ಯೇಕ ಬ್ಯಾಕಪ್ ಬೇಕು.